ಓದುವುದು ಹೇಗೆ? ಅದಕ್ಕೂ ಮೂರು ಕ್ರೆಡಿಟ್

ಅಮೆರಿಕದ ಕೊಲಂಬಿಯಾ ನಗರದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ‘ಯೂನಿವರ್ಸಿಟಿ 101’ ಎಂಬ ವಿಷಯವಿದೆ. ಮೊದಲ ವರ್ಷದವರಿಗೆ, ಒಂದು ಸೆಮಿಸ್ಟರ್, ಮೂರು ಕ್ರೆಡಿಟ್. ಅಂಕಪಟ್ಟಿಯಲ್ಲಿ ಗಣಿತ, ಇತಿಹಾಸಗಳ ಪಕ್ಕದಲ್ಲೇ ಕೂರುವ ಈ ವಿಷಯದ ಸಿಲಬಸ್ ಇಷ್ಟೇ: ಕಾಲೇಜಿನಲ್ಲಿ ಓದಿ ದಡ ಸೇರುವುದು ಹೇಗೆ?

ಇದು ಹುಟ್ಟಿದ್ದು ಗಲಾಟೆಯ ನಡುವೆ. 1970ರ ಮೇ ತಿಂಗಳಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧದ ಸಿಟ್ಟು ಅಮೆರಿಕದ ಕ್ಯಾಂಪಸ್‌ಗಳಲ್ಲಿ ಹೊತ್ತಿ ಉರಿಯುತ್ತಿತ್ತು. ಓಹಿಯೊದ ಕೆಂಟ್ ಸ್ಟೇಟ್‌ನಲ್ಲಿ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಕೊಲಂಬಿಯಾದಲ್ಲೂ ವಿದ್ಯಾರ್ಥಿಗಳು ಆಡಳಿತ ಕಟ್ಟಡಕ್ಕೆ ನುಗ್ಗಿದರು. ಗಲಾಟೆ ತಣ್ಣಗಾದ ಮೇಲೆ ವಿಶ್ವವಿದ್ಯಾಲಯದ ಅಧ್ಯಕ್ಷ ಥಾಮಸ್ ಜೋನ್ಸ್, ಈ ಮಕ್ಕಳಿಗೆ ವಿಶ್ವವಿದ್ಯಾಲಯ ತಮ್ಮದು ಅನ್ನಿಸುತ್ತಿಲ್ಲವೇಕೆ ಎಂದು ಯೋಚಿಸಿದರು. ಅದರ ಫಲವಾಗಿ 1972ರಲ್ಲಿ ಯೂನಿವರ್ಸಿಟಿ 101 ಶುರುವಾಯಿತು. ವಿದ್ಯಾರ್ಥಿಗಳ ಜೊತೆಗೆ ಅಧ್ಯಾಪಕರೂ ಬದಲಾಗಬೇಕೆಂಬುದು ಜೋನ್ಸ್ ಹಟ. ಹಾಗಾಗಿ ಕಲಿಸುವವರಿಗೂ ತರಬೇತಿ ನಡೆಯಿತು.

1974ರಿಂದ 1999ರವರೆಗೆ ಇದನ್ನು ಮುನ್ನಡೆಸಿದವರು ಜಾನ್ ಗಾರ್ಡನರ್. ಅವರೇ ಪದವಿಯ ಮೊದಲ ವರ್ಷದಲ್ಲಿ ತೀರಾ ಕಡಿಮೆ ಅಂಕ ಪಡೆದು ಎಚ್ಚರಿಕೆ ಪಟ್ಟಿಗೆ ಸೇರಿದ್ದವರು. ಮೊದಲ ವರ್ಷದಲ್ಲಿ ಎಡವುವವರೆಲ್ಲ ದಡ್ಡರಲ್ಲ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ತರಗತಿಯೊಳಗೆ

ಇಲ್ಲಿ ತರಗತಿಗಳು ಚಿಕ್ಕವು. ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ಸಮಯ ಹಂಚಿಕೊಳ್ಳುವುದು, ಗ್ರಂಥಾಲಯದಲ್ಲಿ ಬೇಕಾದ್ದನ್ನು ಹುಡುಕುವುದು, ಅಧ್ಯಾಪಕರ ಕೊಠಡಿಗೆ ಹೋಗಿ ಅಂಜದೆ ಅನುಮಾನ ಕೇಳುವುದು, ಇವೆಲ್ಲ ಪಾಠಗಳೇ. ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಒಂದು ವಿಧಾನ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪೌಕ್ ರೂಪಿಸಿದ್ದು. ಹಾಳೆಯ ಬಲಗಡೆ ಅಗಲವಾದ ಜಾಗದಲ್ಲಿ ಪಾಠದ ನೋಟ್ಸ್. ಎಡಗಡೆಯ ಕಿರಿದಾದ ಪಟ್ಟಿಯಲ್ಲಿ ಅದರಿಂದ ಏಳುವ ಪ್ರಶ್ನೆಗಳು. ಕೆಳಗೆ ಎರಡು ಸಾಲಿನ ಸಾರಾಂಶ. ಬಲಭಾಗ ಮುಚ್ಚಿಕೊಂಡು ಎಡಗಡೆಯ ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡರೆ ಎಷ್ಟು ತಲೆಗೆ ಹತ್ತಿದೆ ಎಂಬುದು ಅಲ್ಲೇ ಬಯಲಾಗುತ್ತದೆ. ಉರು ಹೊಡೆದವರು ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ನಾಯಕತ್ವದ ಪಾಠವೂ ಇಲ್ಲೇ ಬೆರೆತಿದೆ. ಅನೇಕ ತರಗತಿಗಳಲ್ಲಿ ಅಧ್ಯಾಪಕರ ಜೊತೆ ಒಬ್ಬ ಸೀನಿಯರ್ ‘ಪೀರ್ ಲೀಡರ್’ ಆಗಿ ಇರುತ್ತಾರೆ. ಅವರನ್ನು ಆರಿಸಿ, ತರಬೇತಿ ಕೊಟ್ಟು, ಆ ಕೆಲಸಕ್ಕೆಂದೇ ಒಂದು ಕೋರ್ಸನ್ನೂ ಓದಿಸುತ್ತಾರೆ. ಹೊಸಬರ ಗೊಂದಲವನ್ನು ಮೊನ್ನೆಮೊನ್ನೆ ದಾಟಿ ಬಂದವರ ಮಾತಿಗೆ ಬೆಲೆ ಹೆಚ್ಚು.

ಮಿಸ್ಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ 1973ರಲ್ಲಿ ಸೀನಿಯರ್‌ಗಳ ಈ ಬಲವನ್ನು ಇನ್ನೊಂದು ಬಗೆಯಲ್ಲಿ ಬಳಸಿಕೊಂಡರು. ಅವರು ಗುರುತಿಸಿದ್ದು ಹಿಂದುಳಿದ ವಿದ್ಯಾರ್ಥಿಗಳನ್ನಲ್ಲ, ಹೆಚ್ಚು ಜನ ನಪಾಸಾಗುವ ವಿಷಯಗಳನ್ನು. ಆ ವಿಷಯದಲ್ಲಿ ಚೆನ್ನಾಗಿ ಪಾಸಾದ ಸೀನಿಯರ್ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳಿ, ಆಮೇಲೆ ಗುಂಪು ಸೇರಿಸಿ ಚರ್ಚೆ ನಡೆಸುತ್ತಾರೆ. ಯಾರು ಬೇಕಾದರೂ ಬರಬಹುದಾದ್ದರಿಂದ ‘ದಡ್ಡರ ಕ್ಲಾಸ್’ ಎಂಬ ಹಣೆಪಟ್ಟಿ ಯಾರಿಗೂ ಅಂಟುವುದಿಲ್ಲ.

ನಮ್ಮಲ್ಲಿ

ನಮ್ಮಲ್ಲೂ ಬೀಜ ಬಿದ್ದಿದೆ. ಎಐಸಿಟಿಇ 2017ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊಸಬರನ್ನು ಬರಮಾಡಿಕೊಳ್ಳುವ ಮೂರು ವಾರಗಳ ಕಾರ್ಯಕ್ರಮ ರೂಪಿಸಿತು. ಯುಜಿಸಿ 2019ರಲ್ಲಿ ಅಂಥದ್ದೇ ‘ದೀಕ್ಷಾರಂಭ’ ಕಾರ್ಯಕ್ರಮ ತಂದಿತು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದಲ್ಲಂತೂ ಆರು ಹೊಸಬರಿಗೆ ಒಬ್ಬ ಸೀನಿಯರ್ ಮಾರ್ಗದರ್ಶಕ ಇರಬೇಕೆಂಬ ಮಾತೇ ಇದೆ.

ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಇಂಗ್ಲಿಷ್ ಪಠ್ಯ ನಿಜವಾಗಿ ಕಷ್ಟವಾಗುವುದು ಮೊದಲ ಇಂಟರ್ನಲ್ಸ್ ಹೊತ್ತಿಗೆ. ಅಷ್ಟರಲ್ಲಿ ಸ್ವಾಗತದ ವಾರಗಳು ಮುಗಿದಿರುತ್ತವೆ. ಸೌತ್ ಕೆರೊಲಿನಾದ ಪ್ರಯೋಗ ಗಟ್ಟಿಯಾಗಿ ನಿಂತದ್ದು ಆ ಕಷ್ಟದ ತಿಂಗಳುಗಳಲ್ಲೂ ತರಗತಿ ನಡೆಯುತ್ತಿದ್ದುದರಿಂದ. ನಮ್ಮ ಕಾಲೇಜುಗಳು ಸೆಮಿಸ್ಟರ್ ಉದ್ದಕ್ಕೂ ವಾರಕ್ಕೊಂದು ಪೀರಿಯಡ್ ತೆಗೆದಿಟ್ಟು, ಅದರ ಹೊಣೆಯಲ್ಲಿ ಸೀನಿಯರ್‌ಗಳಿಗೂ ಪಾಲು ಕೊಟ್ಟು, ಹೊಸಬರಿಗೂ ಸೀನಿಯರ್‌ಗಳಿಗೂ ಕ್ರೆಡಿಟ್ ಕೊಟ್ಟರೆ ಕಾಗದದ ಮೇಲಿರುವ ನಿಯಮಕ್ಕೆ ಟೈಮ್‌ಟೇಬಲ್‌ನಲ್ಲೂ ಜಾಗ ಸಿಕ್ಕೀತು.