ಗ್ರಾಂಟಿನ ಗುಟ್ಟು

ಸಂವಿಧಾನದ 29ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಇರುವುದು ಒಂದೇ ವಾಕ್ಯ. ಸರ್ಕಾರ ನಡೆಸುವ, ಇಲ್ಲವೇ ಸರ್ಕಾರದ ಬೊಕ್ಕಸದಿಂದ ನೆರವು ಪಡೆಯುವ ಯಾವ ವಿದ್ಯಾಸಂಸ್ಥೆಯೂ ಧರ್ಮ, ಜನಾಂಗ, ಜಾತಿ, ಭಾಷೆ ಇಷ್ಟನ್ನೇ ಮುಂದಿಟ್ಟುಕೊಂಡು ಯಾವ ಪ್ರಜೆಗೂ ಪ್ರವೇಶ ನಿರಾಕರಿಸುವಂತಿಲ್ಲ. ಜಾತಿ, ಧರ್ಮದ ಮಾತು ನಮಗೇನೂ ಹೊಸದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವೆ ಸುಮ್ಮನೆ ಕೂತಿರುವ ಆ ನೆರವು. ದುಡ್ಡು! ಶಿವಮೊಗ್ಗದ ಸಹ್ಯಾದ್ರಿ ಕಾಲೇಜು, ಭದ್ರಾವತಿ ನ್ಯೂಟೌನಿನ ಸರ್ ಎಂ.ವಿ. ಹೆಸರಿನ ಸರ್ಕಾರಿ ಕಾಲೇಜು, ಇವು ಹೇಗೂ ಸರ್ಕಾರದವೇ. ಆದರೆ ಹಿರಿಯರು ಚಂದಾ ಎತ್ತಿ ಕಟ್ಟಿಸಿದ, ಸಮಿತಿಯವರು ನಡೆಸುವ, ಮೇಷ್ಟ್ರ ಸಂಬಳಕ್ಕೆ ಮಾತ್ರ ಗ್ರಾಂಟ್ ಬರುವ ಏಡೆಡ್ ಶಾಲೆಗಳಿವೆಯಲ್ಲ? ಹಸುವಿನ ಹಿಂದೆ ಕರು ಬಂದ ಹಾಗೆ ಆ ಗ್ರಾಂಟಿನ ಹಿಂದೆ ಈ ನಿಯಮವೂ ಗೇಟು ದಾಟಿ ಒಳಗೆ ಬಂದುಬಿಡುತ್ತದೆ. ಆಡಳಿತ ಸಮಿತಿ ಯಾರದ್ದಾದರೂ ಇರಲಿ.

ಈ ಉಪಾಯ ಇನ್ನೆಲ್ಲಿದೆ ಎಂದು ಹುಡುಕುತ್ತ ಹೊರಟರೆ ಸಿಗುವುದು ಅಮೆರಿಕ! ಭದ್ರಾವತಿಯ ಎಷ್ಟೋ ಮನೆಗಳ ಮೊಮ್ಮಕ್ಕಳು ಈಗ ಓದುತ್ತಿರುವ ದೇಶ. ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ ಹೇಳುವುದೂ ಇದನ್ನೇ. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು, ಇಟ್ಟರೆ ಹಣ ನಿಲ್ಲುತ್ತದೆ. ಕರಿಯ ಮಕ್ಕಳಿಗೆ ಬಾಗಿಲು ತೆರೆಯದೆ ವರ್ಷಗಟ್ಟಲೆ ಹಟ ಹಿಡಿದಿದ್ದ ದಕ್ಷಿಣದ ರಾಜ್ಯಗಳ ಶಾಲೆಗಳು ಕೋರ್ಟಿನ ತೀರ್ಪಿಗೂ ಬಗ್ಗಿರಲಿಲ್ಲ; ದುಡ್ಡಿನ ಮಾತು ಬಂದ ಮೇಲೆ ಬಗ್ಗತೊಡಗಿದವು. ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ಅಂದರೆ ಅವರಿಗಿಂತ ಹದಿನಾಲ್ಕು ವರ್ಷ ಮೊದಲು!

ಇಷ್ಟಕ್ಕೇ ಬೀಗಬೇಕೆನಿಸುತ್ತದೆ. ಆದರೆ ತಡೆಯಿರಿ, ಬೇರು ಇನ್ನೂ ಆಳಕ್ಕಿದೆ, ಅದೂ ನಮ್ಮ ಕನ್ನಡದ ನೆಲದಲ್ಲೇ.

1856ರ ಜೂನ್. ಶಿವಮೊಗ್ಗ ಆಗ ಮೈಸೂರು ಸೀಮೆಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್‌ನ ಆಡಳಿತದಲ್ಲಿತ್ತು. ಉತ್ತರದ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಧಾರವಾಡದಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಆಗುವುದಿಲ್ಲ ಎಂದರು. ಅವನು ಅಲ್ಲಿಗೇ ಸುಮ್ಮನಾಗಲಿಲ್ಲ. ಅರ್ಜಿ ಮುಂಬಯಿ ಸರ್ಕಾರದ ಮೇಜಿಗೇ ಹೋಯಿತು! ಮುಂಬಯಿ ಕೊಟ್ಟ ಉತ್ತರವನ್ನು ಇಂದು ಓದಿದರೆ ಮೈ ಉರಿಯುತ್ತದೆ. ನ್ಯಾಯ ಹುಡುಗನ ಪಕ್ಷದಲ್ಲಿದೆ ಎಂದು ಒಪ್ಪಿಕೊಳ್ಳುತ್ತಾರೆ, ಅದೇ ಉಸಿರಿನಲ್ಲಿ ಒಬ್ಬನಿಗೋಸ್ಕರ ಉಳಿದವರೆಲ್ಲ ಶಾಲೆ ಬಿಟ್ಟರೆ ಏನು ಗತಿ ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾಗದ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಹಡಗು ಹತ್ತಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ತನಕ ಹೋಯಿತು. ಧಾರವಾಡದ ಒಬ್ಬ ಬಡ ಹುಡುಗನ ಶಾಲೆಯ ಅರ್ಜಿ! ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಎಂಬ ನಿಲುವು ಮೇಲಿನಿಂದ ಬಂದ ಮೇಲೆ, 1858ರಲ್ಲಿ ಮುಂಬಯಿ ಸರ್ಕಾರ ಎರಡು ಮಾತು ಹೇಳಿತು. ಪೂರ್ತಿ ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು, ಇದು ಮೊದಲನೆಯದು. ಎರಡನೆಯದೇ ನಾನು ಹುಡುಕುತ್ತಿದ್ದದ್ದು. ಭಾಗಶಃ ನೆರವು ಪಡೆಯುವ ಶಾಲೆ ಜಾತಿಯ ಕಾರಣಕ್ಕೆ ಯಾವುದೇ ವರ್ಗವನ್ನು ಹೊರಗಿಟ್ಟರೆ ಅದರ ನೆರವನ್ನು ನಿರಾಕರಿಸುವ ಪೂರ್ಣ ಹಕ್ಕು ಸರ್ಕಾರದ ಕೈಯಲ್ಲಿದೆ!

1858! ಅಮೆರಿಕದಲ್ಲಿ ಗುಲಾಮಗಿರಿ ಇನ್ನೂ ರದ್ದಾಗಿರಲಿಲ್ಲ. ಅವರ 1964ರ ಕಾಯ್ದೆಗೆ ಇನ್ನೂ 106 ವರ್ಷವಿತ್ತು.

ಕಾಗದದ ಮೇಲಿನ ಮಾತು ಅಂಗಳಕ್ಕೆ ಇಳಿಯಲು ತಲೆಮಾರುಗಳೇ ಬೇಕಾದವು. ಹೊರಗಿಡಲ್ಪಟ್ಟವರ ಮಕ್ಕಳು ಜಗಲಿಯಲ್ಲಿ ಕೂತು ಪಾಠ ಕೇಳಿದ ಕಾಲ ನಮ್ಮ ಅಜ್ಜಂದಿರ ನೆನಪಿನಲ್ಲಿತ್ತು. ಆದರೆ ಆ ಕಾಗದ ಕಳೆದುಹೋಗಲಿಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಹೇಳಿಕೆ ಸಲ್ಲಿಸಿದ ಡಾ. ಅಂಬೇಡ್ಕರರು ಧಾರವಾಡದ ಈ ಪ್ರಕರಣವನ್ನು ದಾಖಲೆ ಸಮೇತ ಎತ್ತಿ ತೋರಿಸಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅವರೇ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು. 29ನೇ ವಿಧಿಯ ಆ ಸಾಲು ನೇರವಾಗಿ ಧಾರವಾಡದಿಂದಲೇ ಬಂತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೂ ಆ ಮೇಜಿನ ಬಳಿ ಕೂತವರಲ್ಲಿ ಒಬ್ಬರಿಗೆ ಆ ಹುಡುಗನ ಕಥೆ ಚೆನ್ನಾಗಿ ಗೊತ್ತಿತ್ತು, ಇಷ್ಟಂತೂ ಖಂಡಿತ.

ಅದೇ ಸೂತ್ರ ಆಮೇಲಿನ ಕಾನೂನಿನಲ್ಲೂ ಕಾಣುತ್ತದೆ. ನಾವು ‘ಪಿಸಿಆರ್’ ಎನ್ನುವ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ನೇ ತೆಗೆದುಕೊಳ್ಳಿ. 1955ರದ್ದು, 1976ರಲ್ಲಿ ತಿದ್ದುಪಡಿಯಾಗಿ ಈ ಹೆಸರು ಪಡೆಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಶಾಲೆಗೋ ಹಾಸ್ಟೆಲಿಗೋ ಸೇರಿಸದವರಿಗೆ ಅದರಲ್ಲಿ ಒಂದರಿಂದ ಆರು ತಿಂಗಳ ಸೆರೆ, ಜೊತೆಗೆ ದಂಡ. ಅದು ಐದನೇ ಸೆಕ್ಷನ್. ಹಾಗೇ ಪುಟ ಮಗುಚಿ ಒಂಬತ್ತಕ್ಕೆ ಬನ್ನಿ. ಗ್ರಾಂಟ್ ಪಡೆಯುವ ಶಾಲೆಯ ವ್ಯವಸ್ಥಾಪಕನಿಗೆ ಈ ಕಾಯ್ದೆಯಡಿ ಶಿಕ್ಷೆಯಾದರೆ ಆ ಗ್ರಾಂಟನ್ನು, ಹಣವಿರಲಿ ಜಮೀನಿರಲಿ, ಸರ್ಕಾರ ತಡೆಹಿಡಿಯಬಹುದು, ವಾಪಸು ಪಡೆಯಬಹುದು! 1858ರ ಮಾತೇ, ಈಗ ಹಲ್ಲು ಮೂಡಿಸಿಕೊಂಡು.

ಧಾರವಾಡದ ಕಥೆ ಅದಾದರೆ, ನಮ್ಮ ಮೈಸೂರು ಸೀಮೆಯ ದಾರಿ ಬೇರೆಯದಾಗಿತ್ತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು. 1915ರಲ್ಲಿ, ಶಿಕ್ಷಣ ಇಲಾಖೆಯ ಸಿ.ಆರ್. ರೆಡ್ಡಿಯವರ ಮುತುವರ್ಜಿಯಲ್ಲಿ, ಆಗ ಪಂಚಮರು ಎನ್ನುತ್ತಿದ್ದವರ ಮಕ್ಕಳಿಗೆ ಸರ್ಕಾರಿ ಶಾಲೆಗಳನ್ನು ತೆರೆದ ಆದೇಶ. ದಿವಾನರಾಗಿದ್ದವರು ಯಾರು? ಭದ್ರಾವತಿಯ ಕಾರ್ಖಾನೆಯ ನೆತ್ತಿಯ ಮೇಲೆ ಯಾರ ಹೆಸರಿದೆಯೋ ಅವರೇ, ವಿಶ್ವೇಶ್ವರಯ್ಯ! ಶಾಲೆಯ ಬಾಗಿಲು ತೆರೆದ ಕಾಲದ ಅದೇ ದಿವಾನರು, 1918ರಲ್ಲಿ ಹಿಂದುಳಿದ ವರ್ಗಗಳಿಗೆ ಆದ್ಯತೆ ಕೊಡುವ ವಿಚಾರದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ಹುದ್ದೆ ಬಿಟ್ಟರು. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು ಬಂದರು. ಸರ್ ಎಂ.ವಿ. ಜಯಂತಿಯ ಭಾಷಣಗಳಲ್ಲಿ ಈ ಎರಡೂ ಮಾತು ಒಟ್ಟಿಗೆ ಕೇಳಿಬರುವುದು ಅಪರೂಪ.

ದುಡ್ಡಿನ ಹಗ್ಗ ಎಲ್ಲ ಕಡೆಯೂ ಎಟುಕುವುದಿಲ್ಲ, ಅದೂ ಗೊತ್ತಿರಬೇಕು. 29(2)ರ ಪಟ್ಟಿಯಲ್ಲಿ ಹೆಣ್ಣು ಗಂಡಿನ ಮಾತೇ ಇಲ್ಲ! ಅಮೆರಿಕದ 1964ರ ಅಧ್ಯಾಯದಲ್ಲೂ ಇರಲಿಲ್ಲ. ಅವರು 1972ರಲ್ಲಿ ಟೈಟಲ್ ನೈನ್ ತಂದು ತೂತು ಮುಚ್ಚಿದರು. ನಮ್ಮಲ್ಲಿ 15ನೇ ವಿಧಿ ಸರ್ಕಾರ ಲಿಂಗಭೇದ ಮಾಡದಂತೆ ಮೊದಲೇ ತಡೆದಿತ್ತು. ಅಂಗವಿಕಲ ಮಕ್ಕಳಿಗೆ 2016ರ ಕಾಯ್ದೆಯಿದೆ. ಅದು ಸರ್ಕಾರದ ನೆರವಿರುವ ಶಾಲೆಯನ್ನು ಮಾತ್ರವಲ್ಲ, ಬರೀ ಮಾನ್ಯತೆ ಪಡೆದ ಶಾಲೆಯನ್ನೂ ಹಿಡಿಯುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆಗೆ ಯುಜಿಸಿಯ 2012ರ ನಿಯಮಾವಳಿ ಬಂತು. ಮೆಸ್ಸು, ವಾಚನಾಲಯ, ಆಟದ ಮೈದಾನದಲ್ಲಿ ಜಾತಿ ನೋಡಿ ಬೇರೆ ಕೂರಿಸುವುದೂ ಅದರ ಪ್ರಕಾರ ತಾರತಮ್ಯವೇ. ಗ್ರಾಂಟ್ ಮುಟ್ಟದ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇಯ ಶೇ. 25ರ ಸೀಟು ಬಂದಿತ್ತು, ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅದು ಬೇಡ ಎಂದು ಕರ್ನಾಟಕ 2019ರಿಂದ ನಿಯಮ ಬದಲಿಸಿತು. ಪೇಟೆಯಲ್ಲಿ ಸರ್ಕಾರಿ ಶಾಲೆ ಹತ್ತಿರದಲ್ಲೇ ಇರುವುದರಿಂದ ಸೀಟುಗಳು ಕರಗಿದವು. ಇನ್ನು ಮೈಮೇಲಿನ ನಂಬಿಕೆಯ ಗುರುತುಗಳ ವಿಷಯ. 2022ರಲ್ಲಿ ಹಿಜಾಬ್ ಗಲಾಟೆ ಶಿವಮೊಗ್ಗದ ಕಾಲೇಜು ಅಂಗಳಕ್ಕೂ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ತೀರ್ಪು ಬರೆದರು. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಬಂದವರ ಜನಿವಾರ ತೆಗೆಸಿದರೆಂಬ ದೂರು ಇದೇ ಊರಿನಿಂದ ಎದ್ದಿತು. ಇಲ್ಲಿ ಗ್ರಾಂಟಿನ ಸೂತ್ರಕ್ಕೆ ಕೆಲಸವಿಲ್ಲ. ಧರ್ಮಸ್ವಾತಂತ್ರ್ಯದ 25ನೇ ವಿಧಿಯ ಹತ್ತಿರ ಹೋಗಬೇಕು.

ನನ್ನನ್ನು ಕುಣಿದಾಡುವಂತೆ ಮಾಡಿದ್ದು ಮಾತ್ರ ಇವ್ಯಾವುದೂ ಅಲ್ಲ. ಟಿ.ಸಿ.! ಹೌದು, ವರ್ಗಾವಣೆ ಪತ್ರ. ಭದ್ರಾವತಿಯವರಿಗೆ ಇದರ ಬಿಸಿ ಗೊತ್ತು. ಪೇಪರ್ ಮಿಲ್ ನಿಂತಿತು, ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಇವತ್ತು ಮುಚ್ಚುತ್ತದೆ ನಾಳೆ ತೆರೆಯುತ್ತದೆ ಎಂದು ತೂಗಾಡಿತು, ಗುತ್ತಿಗೆ ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟಿ ಬೇರೆ ಊರು ಸೇರಿದರು. ಹಳೆ ಶಾಲೆಯವರು ಟಿ.ಸಿ. ಕೊಡಲು ಸತಾಯಿಸುತ್ತಾರೆ, ಹೊಸ ಶಾಲೆಯವರು ಟಿ.ಸಿ. ಇಲ್ಲದೆ ಒಳಗೆ ಬಿಡುವುದಿಲ್ಲ, ಮಗು ಮನೆಯಲ್ಲಿ. ಎಷ್ಟು ಕಾಲದಿಂದ ನೋಡುತ್ತಿದ್ದೇವೆ ಇದನ್ನು! ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ನೋಡಿ. ಎಂಟನೇ ತರಗತಿಯ ತನಕದ ಮಗು ಯಾವುದೇ ಕಾರಣಕ್ಕೆ ಊರು ಬಿಟ್ಟು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋದರೆ ಹಳೆ ಶಾಲೆಯ ಮುಖ್ಯೋಪಾಧ್ಯಾಯರು ತಕ್ಷಣ ಟಿ.ಸಿ. ಕೊಡಲೇಬೇಕು, ತಡ ಮಾಡಿದರೆ ಅವರ ಮೇಲೇ ಶಿಸ್ತುಕ್ರಮ. ಅದು ಬರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಕಾಯಿಸುವಂತಿಲ್ಲ, ವಾಪಸು ಕಳಿಸುವಂತಿಲ್ಲ. ಇಷ್ಟು ವರ್ಷ ಇದು ಅಚ್ಚಾಗಿ ಕೂತಿದೆ! ಹದಿನಾಲ್ಕನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ.

ಕೇಳದಿದ್ದರೆ? ಮೂವತ್ತೆರಡನೇ ಸೆಕ್ಷನ್ ಇದೆ. ಸ್ಥಳೀಯ ಪ್ರಾಧಿಕಾರಕ್ಕೆ ಬರಹದಲ್ಲಿ ದೂರು ಕೊಡಬೇಕು, ಅವರು ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಒಪ್ಪಿಗೆಯಾಗದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದೂರು ಕೊಡುವವರು ಅಪ್ಪ ಅಮ್ಮನೇ ಆಗಬೇಕು ಎಂದು ಅಲ್ಲಿ ಬರೆದಿಲ್ಲ. ಯಾರು ಬೇಕಾದರೂ ಕೊಡಬಹುದು. ಪಕ್ಕದ ಮನೆಯವರು, ಬೀದಿಯ ಕೊನೆಯ ಅಂಗಡಿಯವರು, ಆ ಮಗುವನ್ನು ದಿನಾ ಶಾಲೆಗೆ ಬಿಡುತ್ತಿದ್ದ ಆಟೋದವರೂ.