ಗುಂಪು ಕೊಂದವರ ಲೆಕ್ಕ

ಗುಂಪುಹತ್ಯೆಗೆಂದು ಬೇರೆಯದೇ ಕಲಂ ಭಾರತದಲ್ಲಿ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅಲ್ಲಿಯವರೆಗೆ ಒಬ್ಬ ಕೊಂದರೂ ಊರೇ ಸೇರಿ ಕೊಂದರೂ ಅದು ಬರಿಯ ಕೊಲೆ.

ಎಣಿಸುವ ಕೆಲಸ ಮೊದಲು ನಡೆದದ್ದು ಅಮೆರಿಕದಲ್ಲಿ. 1892ರಲ್ಲಿ ಮೆಂಫಿಸ್‌ನಲ್ಲಿ ತನ್ನ ಸ್ನೇಹಿತರನ್ನು ಗುಂಪು ಕೊಂದ ಮೇಲೆ ಪತ್ರಕರ್ತೆ ಐಡಾ ಬಿ. ವೆಲ್ಸ್ ಇಂಥ ಸಾವುಗಳನ್ನು ಪತ್ತೆಹಚ್ಚಿ ಬರೆಯತೊಡಗಿದಳು. ಟಸ್ಕೆಗೀ ಸಂಸ್ಥೆಯ ದಾಖಲೆಯಂತೆ 1882ರಿಂದ 1968ರವರೆಗೆ ಸತ್ತವರು 4,743. ಹೆಚ್ಚಿನವರು ಕಪ್ಪು ಜನ. ಇದನ್ನು ತಡೆಯುವ ಮಸೂದೆ ಸಂಸತ್ತಿಗೆ ಬಂದದ್ದು 1900ರಲ್ಲಿ, ಕಾಯ್ದೆಯಾದದ್ದು 2022ರಲ್ಲಿ. 2018ರಲ್ಲಿ ಮಾಂಟ್ಗೊಮೆರಿಯಲ್ಲಿ ತೆರೆದ ಸ್ಮಾರಕದಲ್ಲಿ ಒಂದೊಂದು ಕೌಂಟಿಗೆ ಒಂದರಂತೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಒಳಗೆ ಹೋದಂತೆ ನೆಲ ಇಳಿಯುತ್ತದೆ, ಕಣ್ಣಿನ ಮಟ್ಟದಲ್ಲಿದ್ದ ಕಂಬಗಳು ತಲೆಯ ಮೇಲೆ ತೂಗುತ್ತವೆ. ಹತ್ಯೆ ನಡೆದ ಜಾಗಗಳ ಮಣ್ಣನ್ನೂ ಜಾಡಿಗಳಲ್ಲಿ ತುಂಬಿ, ಹೆಸರು ಬರೆದು ಮಾಂಟ್ಗೊಮೆರಿಯಲ್ಲೇ ಇಟ್ಟಿದ್ದಾರೆ.

ಕರ್ನಾಟಕದ ಸಾವುಗಳು ಊರಿನ ಹೆಸರಿನಲ್ಲಿ ಉಳಿದಿವೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ.

ಮುಂದೆ ಗುಂಪು ಕೂಡಿಸುವ ಕೆಲಸಕ್ಕೆ ಮೊಬೈಲೂ ಸೇರಿತು. ಮಕ್ಕಳ ಕಳ್ಳರೆಂಬ ಗುಲ್ಲಿಗೆ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬ ಬಲಿಯಾದರು. ನಾಲ್ಕೇ ದಿನಕ್ಕೆ ಸುಪ್ರೀಂ ಕೋರ್ಟ್, ಗೋರಕ್ಷಣೆಯ ಹೆಸರಿನ ಹಿಂಸೆಯ ವಿರುದ್ಧದ ಅರ್ಜಿಗಳ ಮೇಲೆ ತೀರ್ಪು ಕೊಟ್ಟಿತು: ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ, ತ್ವರಿತ ವಿಚಾರಣೆ, ಸಂತ್ರಸ್ತರಿಗೆ ಪರಿಹಾರ, ಇದಕ್ಕೆಂದೇ ಒಂದು ಕಾಯ್ದೆ. ಲೆಕ್ಕವೊಂದು ಹಾಗೇ ಉಳಿಯಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಸಂಗ್ರಹಿಸಿದ್ದ ಅಂಕಿಅಂಶ ನಂಬಲರ್ಹವಲ್ಲವೆಂದು ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು.

ಮಳವಳ್ಳಿಯಿಂದ ಹಲಗೂರು ದಾಟಿ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಸಾತನೂರು ಸಿಗುತ್ತದೆ. 2023ರ ಮಾರ್ಚ್ 31ರ ರಾತ್ರಿ ಅಲ್ಲಿ ದನ ಸಾಗಿಸುತ್ತಿದ್ದ ವಾಹನವನ್ನು ಗೋರಕ್ಷಕರೆಂದು ಹೇಳಿಕೊಂಡವರು ಅಡ್ಡಗಟ್ಟಿದರು. ಅದರಲ್ಲಿದ್ದ ಮಂಡ್ಯದ ವ್ಯಾಪಾರಿಯ ಶವ ಮರುದಿನ ಹತ್ತಿರದಲ್ಲೇ ಸಿಕ್ಕಿತು. ಕೊಲೆ ಮೊಕದ್ದಮೆ ದಾಖಲಾಯಿತು. ಆರೋಪಿಗಳನ್ನು ರಾಜಸ್ಥಾನದಲ್ಲಿ ಹಿಡಿದು ತಂದರು.

ಈಗಿನ ಭಾರತೀಯ ನ್ಯಾಯ ಸಂಹಿತೆಯ 103(2) ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ, ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ ಎನ್ನುತ್ತದೆ. ಪಟ್ಟಿಯಲ್ಲಿ ಧರ್ಮದ ಹೆಸರಿಲ್ಲ. ಗುಂಪುಹತ್ಯೆ ಎಂಬ ಪದವೂ ಇಲ್ಲ. ಈ ಕಲಂ ಜಾರಿಗೆ ಬರುವ ಮುಂಚಿನ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಸಾತನೂರಿನದೂ ಅದರಲ್ಲೊಂದು.