ಸರಕಿನ ಗುಣಕ್ಕೆ ಹೊಣೆ ಯಾರು?

ಕಾರ್ಖಾನೆಯಿಂದ ಕೆಟ್ಟ ಸರಕು ಹೊರಬಿದ್ದರೆ ಒಡೆಯನ ಬೆರಳು ಮೊದಲು ತಿರುಗುವುದು ಕೆಲಸಗಾರನ ಕಡೆಗೆ. ಅವನು ಅಜಾಗರೂಕನೆಂಬ ತೀರ್ಮಾನವು ವಿಚಾರಣೆಗೆ ಮುಂಚೆಯೇ ಸಿದ್ಧವಾಗಿರುತ್ತದೆ. ಈ ತೀರ್ಮಾನವು ನ್ಯಾಯವೇ? ಈ ಪ್ರಶ್ನೆಯನ್ನು ಹಲವು ಕೈಗಾರಿಕೆಗಳಲ್ಲಿ ಜೀವಮಾನವೆಲ್ಲ ಒರೆಹಚ್ಚಿ ನೋಡಿದ ಜೋಸೆಫ್ ಜೂರನ್ ಎಂಬ ಇಂಜಿನಿಯರರ ಚರಿತ್ರೆಯು ಒಡೆಯರೂ ಅಧಿಕಾರಿಗಳೂ ಅರಿಯತಕ್ಕುದಾಗಿದೆ.

ಜೂರನ್ನರು 1904ರಲ್ಲಿ ರುಮೇನಿಯಾ ದೇಶದಲ್ಲಿ ಪಾದರಕ್ಷೆ ಹೊಲಿಯುವ ಬಡವರೊಬ್ಬರ ಮಗನಾಗಿ ಜನಿಸಿದರು. 1912ರಲ್ಲಿ ಆ ಕುಟುಂಬವು ಅಮೆರಿಕಕ್ಕೆ ವಲಸೆಹೋಯಿತು. 1924ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯ ಪರೀಕ್ಷಣ ವಿಭಾಗವನ್ನು ಸೇರಿದರು. ಅಲ್ಲಿ ಸುಮಾರು 40,000 ಜನ ದುಡಿಯುತ್ತಿದ್ದರು. ಅವರಲ್ಲಿ ಸಾವಿರಾರು ಮಂದಿಗೆ ತಯಾರಾದ ಸರಕನ್ನು ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸುವುದೇ ಉದ್ಯೋಗ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಲು ನೂರು ಕೈಗಳನ್ನು ನೇಮಿಸುವುದಕ್ಕಿಂತ ಕಣದಲ್ಲಿಯೇ ಕಲ್ಲು ಸೇರದಂತೆ ನೋಡಿಕೊಳ್ಳುವುದು ಮೇಲಲ್ಲವೇ?

ಅದಕ್ಕೆ ದಾರಿಯನ್ನು ತೋರಿದವರು ವಾಲ್ಟರ್ ಷೂಹಾರ್ಟ್ ಎಂಬ ವಿಜ್ಞಾನಿ. ಒಂದೇ ಯಂತ್ರದಿಂದ ಬಂದ ಎರಡು ಬಿಡಿಭಾಗಗಳು ಸರ್ವಥಾ ಸಮನಾಗಿರುವುದಿಲ್ಲ. ಗಣಿತದಿಂದ ನಿರ್ಣಯಿಸಿದ ಎಲ್ಲೆಯೊಳಗಿನ ವ್ಯತ್ಯಾಸವು ತಯಾರಿಕೆಯ ಕ್ರಮಕ್ಕೇ ಸಹಜವಾದುದು. ಎಲ್ಲೆಯನ್ನು ಮೀರಿದಾಗ ಮಾತ್ರ ವಿಶೇಷ ಕಾರಣವನ್ನು ಹುಡುಕತಕ್ಕದ್ದು. ಇದು ಅವರು 1924ರಲ್ಲಿ ರೂಪಿಸಿದ ನಕ್ಷೆಯ ತತ್ತ್ವ. 1926ರಲ್ಲಿ ಹಾಥಾರ್ನಿನಲ್ಲಿ ಈ ವಿದ್ಯೆಯನ್ನು ಕಲಿತ ಮೊದಲಿಗರಲ್ಲಿ ಜೂರನ್ನರೂ ಒಬ್ಬರು.

ಯುದ್ಧಕಾಲದಲ್ಲಿ ಅವರು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿದ್ದು ಮಿತ್ರರಾಷ್ಟ್ರಗಳಿಗೆ ಸಾಮಗ್ರಿ ಸಾಗಿಸುವ ಕಾರ್ಯದಲ್ಲಿ ದುಡಿದರು. 1945ರ ತರುವಾಯ ಅಧ್ಯಾಪಕರಾಗಿಯೂ, ಕ್ಷೌರದ ಅಲಗು ಮೊದಲುಗೊಂಡು ನಾನಾ ಕೈಗಾರಿಕೆಗಳ ಸಲಹೆಗಾರರಾಗಿಯೂ ಸಂಚರಿಸಿದರು. 1951ರಲ್ಲಿ ಗುಣನಿಯಂತ್ರಣವನ್ನು ಕುರಿತ ಅವರ ಬೃಹತ್ ಕೈಪಿಡಿಯು ಪ್ರಕಟವಾಯಿತು.

ಕಾರ್ಖಾನೆಗಳು ಬೇರೆಬೇರೆಯಾದರೂ ಅವರು ಕಂಡ ಸತ್ಯವು ಒಂದೇ. ದೋಷಗಳಲ್ಲಿ ಬಹುಪಾಲು ಹುಟ್ಟುವುದು ಕೆಲವೇ ಕಾರಣಗಳಿಂದ. ಕೆಲಸಗಾರನನ್ನು ದೂರುವ ಮೊದಲು ಮೂರು ವಿಷಯಗಳನ್ನು ವಿಚಾರಿಸಬೇಕು: ತಾನು ಏನು ಮಾಡತಕ್ಕದ್ದೆಂದು ಅವನಿಗೆ ತಿಳಿಸಲಾಗಿದೆಯೇ? ತಾನು ಮಾಡುತ್ತಿರುವುದು ಹೇಗಿದೆಯೆಂದು ಅವನಿಗೆ ಗೊತ್ತಾಗುವುದೇ? ತಪ್ಪಿದಲ್ಲಿ ಸರಿಪಡಿಸಿಕೊಳ್ಳುವ ಸಾಧನ ಅವನ ಕೈಯಲ್ಲಿದೆಯೇ? ಇವುಗಳಲ್ಲಿ ಒಂದು ಇಲ್ಲವಾದರೂ ಅಪರಾಧವು ಆಡಳಿತದ್ದು. ದೋಷಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಈ ಬಗೆಯದೆಂಬುದು ಅವರ ಅಭಿಪ್ರಾಯ.

1954ರಲ್ಲಿ ಅವರು ಜಪಾನಿಗೆ ಹೋದರು. ಆ ದೇಶದ ಸರಕೆಂದರೆ ಅಗ್ಗದ, ಬಾಳದ ವಸ್ತುವೆಂಬ ಅಪಕೀರ್ತಿಯಿದ್ದ ಕಾಲವದು. ಅಲ್ಲಿ ಅವರ ಉಪನ್ಯಾಸಗಳಿಗೆ ಕಂಪೆನಿಗಳ ಮುಖ್ಯಾಧಿಕಾರಿಗಳೇ ಬಂದು ಕುಳಿತರು. ಕೆಲವು ದಶಕಗಳಲ್ಲಿ ಜಪಾನಿನ ಮೋಟಾರು, ರೇಡಿಯೋಗಳು ಅಮೆರಿಕದ ಪೇಟೆಗಳನ್ನೇ ಗೆದ್ದುವು. ಆದರೂ ಆ ಕೀರ್ತಿಯು ಜಪಾನೀಯರ ಸ್ವಂತ ಉದ್ಯಮಕ್ಕೇ ಸಲ್ಲತಕ್ಕದ್ದೆಂದು ಜೂರನ್ನರು ವಿನಯದಿಂದ ಹೇಳುತ್ತಿದ್ದರು. 2008ರಲ್ಲಿ, 103 ವರ್ಷಗಳ ತುಂಬು ವಯಸ್ಸಿನಲ್ಲಿ, ಅವರು ಕಾಲವಾದರು.

ಅವರ ಆ ಮೂರು ಪ್ರಶ್ನೆಗಳು ಕಾರ್ಖಾನೆಗೆ ಮಾತ್ರವಲ್ಲ, ಕಚೇರಿಗೂ ಅನ್ವಯಿಸುತ್ತವೆ. ಕಡತವು ತಡವಾಯಿತೆಂದು ಗುಮಾಸ್ತನಿಗೆ ದಂಡ ವಿಧಿಸುವ ಅಧಿಕಾರಿಯು, ಆ ಕಡತವು ಎಷ್ಟು ಮೇಜುಗಳನ್ನು ಸುತ್ತಬೇಕೆಂದು ತಾನೇ ವಿಧಿಸಿರುವನೆಂಬುದನ್ನು ಎಣಿಸಿ ನೋಡಲಿ. ದಂಡಿಸುವುದು ಸುಲಭ, ಏರ್ಪಾಡನ್ನು ತಿದ್ದುವುದು ಕಷ್ಟ. ಆ ಕಷ್ಟವನ್ನು ಹೊರುವುದಕ್ಕಾಗಿಯೇ ಅಧಿಕಾರವೆಂಬುದು ಇರುವುದು.